ತಾತ, ಕಂಪ್ಯೂಟರ್ ಬಿಚ್ಚೋಣ್ವಾ?

ಭಾನುವಾರ ಸಂಜೆ ಐದು ಗಂಟೆಯಾಯಿತೆಂದರೆ ನಮ್ಮ ನಡುಮನೆಯ ಮೂಲೆಯಿಂದ ಒಂದು ಸದ್ದು ಶುರುವಾಗುತ್ತಿತ್ತು. ಅಲ್ಲಿರುವ ಹಳೇ ಕಂಪ್ಯೂಟರಿನ ಫ್ಯಾನು ಮಿಕ್ಸಿಯ ಹಾಗೆ ಅರಚುವ ಸದ್ದು. ಅದರ ಮುಂದೆ ಏಳನೇ ತರಗತಿಯ ನನ್ನ ಮೊಮ್ಮಗ ಬೆನ್ನು ಬಗ್ಗಿಸಿ ಕೂತಿರುತ್ತಿದ್ದ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಿಂದ ಹೊರಗೂ ಕೇಳುವಂತೆ ಹುಬ್ಬಳ್ಳಿ ಹುಡುಗರ ಕೂಗು: “ಲೇ, ಎಲ್ಲಿದ್ದಿಯೋ? ಲಗೂನ ಬಾರಲೇ!”

ಇವನು ಹೊರಟೇ ಇರುತ್ತಿದ್ದ, ಪಾಪ. ಆದರೆ ಪರದೆಯ ಮೇಲಿನ ಇವನ ಗೊಂಬೆ ಒಂದು ಹೆಜ್ಜೆ ಇಟ್ಟು ಕಲ್ಲಿನಂತೆ ನಿಲ್ಲುತ್ತಿತ್ತು. ಮತ್ತೆ ಚಲಿಸುವ ಹೊತ್ತಿಗೆ ಯಾವುದೋ ಹಳ್ಳಕ್ಕೆ ಬಿದ್ದಿರುತ್ತಿತ್ತು.

ಮಗನಿಗೆ ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗವಾಗಿ, ಅವರೆಲ್ಲ ನಮ್ಮ ಜೊತೆಗೇ ಬಂದು ಇದ್ದಾರೆ. ನಮಗೆ ಹಬ್ಬ. ಆದರೆ ಒಂದನೇ ತರಗತಿಯಿಂದ ಜೊತೆಗಿದ್ದ ನಾಲ್ವರು ಗೆಳೆಯರನ್ನು ಬಿಟ್ಟುಬಂದ ಹುಡುಗನಿಗೆ ಅದು ಹಬ್ಬವಾಗಿರಲಿಲ್ಲ. ಆ ಐವರೂ ವಾರಕ್ಕೊಮ್ಮೆ ಸೇರುವ ಜಾಗವೆಂದರೆ ‘ಮೈನ್‌ಕ್ರಾಫ್ಟ್’ ಎಂಬ ಆಟ. ಇಟ್ಟಿಗೆಯಂಥ ಚೌಕಗಳನ್ನು ಅಗೆದು, ಜೋಡಿಸಿ, ಮನೆ, ಸೇತುವೆ, ಊರು ಕಟ್ಟುವ ಆಟ ಅದು. 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಈ ಸ್ವೀಡನ್ ದೇಶದ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಗೆಳೆಯನೊಬ್ಬನ ಅಣ್ಣ ಈ ಐವರಿಗೆ ಮಾತ್ರ ಬಾಗಿಲು ತೆರೆಯುವ ಒಂದು ಲೋಕವನ್ನು ಹುಬ್ಬಳ್ಳಿಯಲ್ಲಿ ನಡೆಸಿಕೊಡುತ್ತಿದ್ದಾನೆ. ಹೊರಗಿನವರಿಗೆ ಪ್ರವೇಶವಿಲ್ಲ.

ಒಂದು ಭಾನುವಾರ ಒಬ್ಬ ಹುಡುಗ ಹೇಳಿದ್ದು ನನ್ನ ಕಿವಿಗೂ ಬಿತ್ತು: “ನಿನ್ನ ಸಲುವಾಗಿ ಎಷ್ಟೊತ್ತಂತ ನಿಂದರೋದು? ನಾವು ಮುಂದ ಹೊಕ್ಕೀವಿ, ನೀ ಹಿಂದಿಂದ ಬಾ.” ಇವನು ಏನೂ ಮಾತಾಡದೆ ಕಂಪ್ಯೂಟರ್ ಆರಿಸಿ ಎದ್ದ. ರಾತ್ರಿ ಅನ್ನ ಕಲೆಸಿಕೊಂಡು ಸುಮ್ಮನೆ ಕೂತ.

“ಒಳ್ಳೇದೇ ಆಯಿತು, ಆಟದ ಹುಚ್ಚು ಬಿಡಲಿ” ಎಂದೆ ನಾನು. ನನ್ನ ಹೆಂಡತಿ ನನ್ನನ್ನು ನೋಡಿದ ರೀತಿಗೆ ಎರಡನೇ ಸಲ ಆ ಮಾತು ಹೇಳುವ ಧೈರ್ಯ ಬರಲಿಲ್ಲ. “ಆಟ ಅಲ್ಲ ರೀ ಅದು. ಅವನ ಸ್ನೇಹಿತರು ಸಿಗೋ ಜಗಲಿ. ನಿಮ್ಮನ್ನ ಪಾರ್ಕಿನ ಕಲ್ಲುಬೆಂಚಿಗೆ ಹೋಗಬೇಡಿ ಅಂದರೆ ಹೆಂಗಿರತ್ತೆ?”

ಮಗ ಹೊಸ ಕಂಪ್ಯೂಟರಿನ ಬೆಲೆ ವಿಚಾರಿಸಿಕೊಂಡು ಬಂದ. ಆಟಕ್ಕೆ ಒಗ್ಗುವಂಥದ್ದಕ್ಕೆ 65,000 ರೂಪಾಯಿ. ಮುಂದಿನ ವರ್ಷ ನೋಡೋಣ ಎಂದ. ಹನ್ನೆರಡು ವರ್ಷದ ಹುಡುಗನಿಗೆ ಮುಂದಿನ ವರ್ಷವೆಂದರೆ ಮುಂದಿನ ಜನ್ಮ. ಮಾರನೇ ದಿನ ಅವನೇ ನನ್ನ ಹತ್ತಿರ ಬಂದು ಕೇಳಿದ: “ತಾತ, ನೀವು ಸೈನ್ಸ್ ಮೇಷ್ಟ್ರಲ್ವಾ? ಕಂಪ್ಯೂಟರ್ ಬಿಚ್ಚೋಣ್ವಾ?”

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಇದಕ್ಕಿಂತ ದೊಡ್ಡ ಸವಾಲು ಬೇಕಿರಲಿಲ್ಲ. ಆ ಕಂಪ್ಯೂಟರನ್ನು ನಿವೃತ್ತಿಯ ವರ್ಷ, ಅಂದರೆ 2014ರಲ್ಲಿ ನಾನೇ ಕೊಂಡಿದ್ದೆ. ಇಬ್ಬರೂ ಒಂದು ಕರಾರು ಮಾಡಿಕೊಂಡೆವು. ಖರ್ಚು 10,000 ರೂಪಾಯಿ ದಾಟಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಪ್ರತಿ ಸಲದ ಫಲಿತಾಂಶವನ್ನೂ ಪ್ರಯೋಗಶಾಲೆಯಲ್ಲಿ ಬರೆದ ಹಾಗೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಮೊದಲು ರೋಗ, ಆಮೇಲೆ ಔಷಧಿ

ಆಟ ನಿಂತು ನಿಂತು ಓಡುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು, ಇಂಟರ್ನೆಟ್ ನಿಧಾನ. ಇನ್ನೊಂದು, ಕಂಪ್ಯೂಟರೇ ನಿಧಾನ. ಇವೆರಡನ್ನೂ ಬೇರ್ಪಡಿಸಲು ಮೊಮ್ಮಗ ಇಂಟರ್ನೆಟ್ ತೆಗೆದು, ಒಬ್ಬನೇ ಆಡಿ ನೋಡಿದ. ಆಗಲೂ ಆಟ ಕುಂಟಿತು. ಅಲ್ಲಿಗೆ ರೋಗ ಪೆಟ್ಟಿಗೆಯೊಳಗೇ ಇದೆ ಎಂದಾಯಿತು.

ಮಕ್ಕಳೇ, ನೀವು ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದು ಚಿತ್ರ ಬರೆದು, ಪುಟಗಳನ್ನು ಸರ್ರನೆ ಬಿಟ್ಟು ಗೊಂಬೆಯನ್ನು ಓಡಿಸಿದ್ದೀರಲ್ಲ? ಆಟವೂ ಹಾಗೆಯೇ. ಕಂಪ್ಯೂಟರು ಒಂದೊಂದೇ ಚಿತ್ರ ಬರೆದು ತೋರಿಸುತ್ತಾ ಹೋಗುತ್ತದೆ. ಸೆಕೆಂಡಿಗೆ 60 ಚಿತ್ರವಾದರೆ ಬೆಣ್ಣೆಯ ಹಾಗೆ ಜಾರುತ್ತದೆ. ಅಂದರೆ ಒಂದು ಚಿತ್ರ ಬರೆಯಲು ಸಿಗುವ ಸಮಯ ಸುಮಾರು 17 ಮಿಲಿಸೆಕೆಂಡು ಮಾತ್ರ. ಮೈನ್‌ಕ್ರಾಫ್ಟಿನಲ್ಲಿ ಎಫ್3 ಕೀಲಿ ಒತ್ತಿದರೆ ಈ ಲೆಕ್ಕ ಕಾಣುತ್ತದೆ. ನಮ್ಮದು 15. ನೋಟ್‌ಬುಕ್ಕಿನ ಮೊದಲ ಸಾಲು ಅದೇ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದೆವು. ವಿಂಡೋಸಿನಲ್ಲಿ ತೆರೆದುಕೊಳ್ಳುವ ‘ಟಾಸ್ಕ್ ಮ್ಯಾನೇಜರ್’ ಎಂಬುದು ಡಾಕ್ಟರ ಸ್ಟೆತಾಸ್ಕೋಪು ಇದ್ದಂತೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುತ್ತದೆ. ಆಟ ನಡೆಯುವಾಗ ಮೆಮೊರಿ ಶೇಕಡಾ 92 ತುಂಬಿತ್ತು. ಹಾರ್ಡ್‌ಡಿಸ್ಕ್ ಶೇಕಡಾ 100ರಲ್ಲಿ ಏದುಸಿರು ಬಿಡುತ್ತಿತ್ತು. ಬೇರೊಂದು ಪುಟ್ಟ ತಂತ್ರಾಂಶದಲ್ಲಿ ನೋಡಿದರೆ ಪ್ರೊಸೆಸರಿನ ಶಾಖ 94 ಡಿಗ್ರಿ. “ಅದರ ಮೇಲೆ ಕಾಫಿ ಡಿಕಾಕ್ಷನ್ ಇಡಬಹುದು” ಎಂದರು ನಮ್ಮ ಮನೆಯವರು.

ಕಾಸಿಲ್ಲದ ಕೆಲಸ ಮೊದಲು

ಮೊದಲ ಬದಲಾವಣೆಗೆ ಒಂದು ರೂಪಾಯಿಯೂ ಬೇಕಾಗಲಿಲ್ಲ. ಆಟದಲ್ಲಿ ಎಷ್ಟು ದೂರದವರೆಗಿನ ದೃಶ್ಯ ಕಾಣಬೇಕು ಎಂದು ನಿರ್ಧರಿಸುವ ಒಂದು ಆಯ್ಕೆಯಿದೆ, ‘ರೆಂಡರ್ ಡಿಸ್ಟೆನ್ಸ್’. ಅದು 12ರಲ್ಲಿತ್ತು. ನಾವು 6ಕ್ಕೆ ಇಳಿಸಿದೆವು. ಅರ್ಧ ಮಾಡಿದರೆ ಕೆಲಸವೂ ಅರ್ಧವಾಗುತ್ತದೆ ಅಂದುಕೊಂಡಿರಾ? ಇಲ್ಲ. ಆಟಗಾರನ ನಾಲ್ಕೂ ದಿಕ್ಕಿಗೆ 12 ತುಂಡು ನೆಲವೆಂದರೆ ಒಟ್ಟು 25×25, ಅಂದರೆ 625 ತುಂಡು. 6 ಆದರೆ 13×13, ಬರೀ 169. ಚೌಕದ ವಿಸ್ತೀರ್ಣದ ಪಾಠ ಮೊಮ್ಮಗನಿಗೆ ಅಂದು ಮರೆಯದ ಹಾಗೆ ತಲೆಗೆ ಹತ್ತಿತು. ಲೆಕ್ಕ 15ರಿಂದ 26ಕ್ಕೆ ಏರಿತು. ಆದರೆ ಆರು ತುಂಡಿನಾಚೆ ಎಲ್ಲವೂ ಮಂಜು. “ಕೊಡಗಿನಲ್ಲಿ ಆಡಿದ ಹಾಗಿದೆ ತಾತ” ಎಂದ.

ಎರಡನೆಯದು, ಧೂಳು. ದೀಪಾವಳಿ ರಜೆಯಲ್ಲಿ ಮನೆಯೆಲ್ಲ ಗುಡಿಸಿ ಸಾರಿಸುವಾಗ ಪೆಟ್ಟಿಗೆಯ ಸರದಿಯೂ ಬಂತು. ಮೊದಲು ಮನೆಯ ಹಳೆಯ ಫೋಟೋಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿಕೊಂಡೆವು. ಆಮೇಲೆ ಗೋಡೆಯಿಂದ ಪ್ಲಗ್ ಕಿತ್ತು, ಪೆಟ್ಟಿಗೆಯ ಕಬ್ಬಿಣದ ಮೈಯನ್ನು ಮುಟ್ಟಿ ಕೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಇಳಿಸಿಕೊಂಡು, ಪಕ್ಕದ ತಗಡು ತೆಗೆದೆವು. ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಹತ್ತಿಯ ಹಾಸಿಗೆಯಷ್ಟು ಧೂಳು! ಗಾಳಿ ಆಡಲು ದಾರಿಯೇ ಇರಲಿಲ್ಲ. ತುಂಬಾ ಕಾದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದೆವು. ಗಾಳಿ ಊದುವಾಗ ಫ್ಯಾನು ಗಿರಗಿರನೆ ತಿರುಗದಂತೆ ಮೊಮ್ಮಗ ಬೆರಳಿನಲ್ಲಿ ಹಿಡಿದಿದ್ದ.

ಪ್ರೊಸೆಸರಿಗೂ ಅದರ ಶಾಖ ಹೀರುವ ಲೋಹದ ತುಂಡಿಗೂ ನಡುವೆ ಇದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ, ಬಟಾಣಿಗಿಂತ ಚಿಕ್ಕ ತೊಟ್ಟು ಹೊಸ ಪೇಸ್ಟ್ ಹಾಕಿದೆವು. ಬೆಲೆ 150 ರೂಪಾಯಿ. ಪ್ರತಿ ಸಲವೂ ತಪ್ಪು ತಾರೀಖು ತೋರಿಸುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು 3 ವೋಲ್ಟ್ ಬ್ಯಾಟರಿಯಿದೆ, ಹೆಸರು ಸಿಆರ್2032. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಯುವುದು ಅದರಿಂದಲೇ. ಅದು ಸತ್ತು ಯಾವ ಕಾಲವಾಗಿತ್ತೋ! ಹೊಸದಕ್ಕೆ 40 ರೂಪಾಯಿ.

ಶಾಖ 94ರಿಂದ 68 ಡಿಗ್ರಿಗೆ ಇಳಿಯಿತು. ಚಿತ್ರಗಳ ಲೆಕ್ಕ 31. ಮಿಕ್ಸಿಯ ಸದ್ದು ಅರ್ಧ ಅಡಗಿತು.

ಅಜ್ಜಿಯ ಕಟ್ಟೆ ಮತ್ತು ಉಗ್ರಾಣ

ನಮ್ಮ ಪೆಟ್ಟಿಗೆಯಲ್ಲಿದ್ದದ್ದು 4 ಜಿಬಿ ರ‍್ಯಾಮ್. ಅದು ಸಾಲದು ಎನ್ನುವುದನ್ನು ಮೊಮ್ಮಗನಿಗೆ ವಿವರಿಸಲು ನಾನು ಕಪ್ಪುಹಲಗೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವನ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. “ರ‍್ಯಾಮ್ ಅಂದರೆ ನನ್ನ ಅಡುಗೆಕಟ್ಟೆ ಅಂತ ಇಟ್ಕೋ. ಹಾರ್ಡ್‌ಡಿಸ್ಕ್ ಉಗ್ರಾಣ. ಕಟ್ಟೆ ಚಿಕ್ಕದಾದರೆ ಸಾಸಿವೆಗೊಂದು ಸಲ, ಇಂಗಿಗೊಂದು ಸಲ ಉಗ್ರಾಣಕ್ಕೆ ಓಡಬೇಕು. ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತೆ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮೆಮೊರಿ ತುಂಬಿದಾಗ ಕಂಪ್ಯೂಟರು ಹಾರ್ಡ್‌ಡಿಸ್ಕಿಗೆ ಓಡುತ್ತದೆ. ಆಟ ಕಲ್ಲಾಗಿ ನಿಲ್ಲುತ್ತಿದ್ದದ್ದು ಆಗಲೇ. ರ‍್ಯಾಮಿನಲ್ಲಿ ಡಿಡಿಆರ್3, ಡಿಡಿಆರ್4 ಎಂದು ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನಮ್ಮದು ಡಿಡಿಆರ್3. ಅದೇ ಜಾತಿಯ, ಅದೇ ವೇಗದ ಇನ್ನೊಂದು 4 ಜಿಬಿ ಪಟ್ಟಿ ಸೆಕೆಂಡ್‌ಹ್ಯಾಂಡಿನಲ್ಲಿ 700 ರೂಪಾಯಿಗೆ ಸಿಕ್ಕಿತು. ಎರಡು ಪಟ್ಟಿ ಜೋಡಿಯಾಗಿ ದುಡಿದರೆ ಮಾಹಿತಿ ಎರಡು ಬಾಗಿಲಿನಿಂದ ಓಡಾಡುವ ಲಾಭವೂ ಇದೆ.

ಹಾಕಿ ಆನ್ ಮಾಡಿದರೆ ಪರದೆ ಕಪ್ಪು! ನನ್ನ ಎದೆ ಧಸಕ್ಕೆಂದಿತು. ಬಿಚ್ಚಿ ನೋಡಿದರೆ ಪಟ್ಟಿ ಒಂದು ಬದಿಯಲ್ಲಿ ಪೂರ್ತಿ ಇಳಿದಿರಲಿಲ್ಲ. ಎರಡೂ ತುದಿಯನ್ನು ಸಮನಾಗಿ ಒತ್ತಿದಾಗ ‘ಟಕ್’ ಎಂದಿತು. ಆ ಟಕ್ ಕೇಳುವವರೆಗೆ ಕೆಲಸ ಮುಗಿದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು. ಲೆಕ್ಕ 38ಕ್ಕೆ ಬಂತು. ಕಲ್ಲಾಗಿ ನಿಲ್ಲುವುದು ಬಹಳ ಕಡಿಮೆಯಾಯಿತು.

ಇನ್ನು ಉಗ್ರಾಣ. ಹಾರ್ಡ್‌ಡಿಸ್ಕಿನೊಳಗೆ ನಿಮಿಷಕ್ಕೆ 7,200 ಸಲ, ಅಂದರೆ ಸೆಕೆಂಡಿಗೆ 120 ಸಲ ಸುತ್ತುವ ತಟ್ಟೆಯಿದೆ. ಗ್ರಾಮಫೋನಿನ ಮುಳ್ಳಿನಂಥದ್ದು ಆಚೀಚೆ ಓಡಾಡಿ ಬೇಕಾದ್ದನ್ನು ಹುಡುಕಿ ತರಬೇಕು. ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಮುಳ್ಳೂ ಇಲ್ಲ. ಬರೀ ಚಿಪ್ಪುಗಳು. 240 ಜಿಬಿಯದು 1,600 ರೂಪಾಯಿ. ಹಳೆಯ ಡಿಸ್ಕನ್ನು ಎಸೆಯದೆ ಫೋಟೋಗಳಿಗಾಗಿ ಪಕ್ಕದಲ್ಲೇ ಉಳಿಸಿಕೊಂಡೆವು.

ಇಲ್ಲಿ ಇನ್ನೊಂದು ತೀರ್ಮಾನ ಮಾಡಬೇಕಾಯಿತು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ರಕ್ಷಣೆಯಿಲ್ಲದ ಮನೆಯಲ್ಲಿ ಮಗುವನ್ನು ಕೂರಿಸಲು ಮನಸ್ಸಾಗಲಿಲ್ಲ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಲಿನಕ್ಸಿನಲ್ಲೂ ಓಡುತ್ತದೆ. ಹಾಗಾಗಿ ಉಚಿತವಾಗಿ ಸಿಗುವ ‘ಲಿನಕ್ಸ್ ಮಿಂಟ್’ ಅನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಎಸ್‌ಎಸ್‌ಡಿಗೆ ಹಾಕಿದೆವು. ಎಲ್ಲ ಆಟಗಳೂ ಲಿನಕ್ಸಿನಲ್ಲಿ ಓಡುವುದಿಲ್ಲ. ನಿಮ್ಮ ಮನೆಯ ಆಟ ಓಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕಂಪ್ಯೂಟರ್ ತೆರೆದುಕೊಳ್ಳಲು ಬೇಕಾಗುತ್ತಿದ್ದ ಮೂರು ನಿಮಿಷ 25 ಸೆಕೆಂಡಿಗೆ ಇಳಿಯಿತು. ಆದರೆ ಚಿತ್ರಗಳ ಲೆಕ್ಕ? 40. ಹೆಚ್ಚುಕಡಿಮೆ ಅಷ್ಟೇ. ಎಸ್‌ಎಸ್‌ಡಿ ಆಟವನ್ನು ಬೇಗ ತೆರೆಯುತ್ತದೆಯೇ ಹೊರತು ಬೇಗ ಚಿತ್ರ ಬರೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಮ್ಮ ಕರಾರು ಮಾತ್ರ ಇಲ್ಲಿ ಮುರಿಯಿತು. ಡಿಸ್ಕನ್ನೂ ವಿಂಡೋಸನ್ನೂ ಒಟ್ಟಿಗೇ ಬದಲಿಸಿದ್ದನ್ನು ಮೊಮ್ಮಗ ಎತ್ತಿ ತೋರಿಸಿದ. ಮೇಷ್ಟ್ರು ತಪ್ಪು ಒಪ್ಪಿಕೊಂಡರು.

ಹೋಳಿಗೆ ತಟ್ಟುವ ಸಾಲು

ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ನಮ್ಮ ಪೆಟ್ಟಿಗೆಯಲ್ಲಿ ಚಿತ್ರ ಬರೆಯುವ ಕೆಲಸವನ್ನೂ ಪ್ರೊಸೆಸರಿನ ಒಳಗಿನ ಒಂದು ಸಣ್ಣ ಭಾಗವೇ ಮಾಡುತ್ತಿತ್ತು. ಪ್ರೊಸೆಸರೆಂದರೆ ಮದುವೆಮನೆಯ ಹಿರಿಯ ಅಡುಗೆ ಭಟ್ಟರು. ಎಂಥ ಕಷ್ಟದ ಅಡುಗೆಯನ್ನೂ ಮಾಡಬಲ್ಲರು. ಆದರೆ ಎರಡು ಸಾವಿರ ಹೋಳಿಗೆ ತಟ್ಟಲು ಒಬ್ಬ ಭಟ್ಟರಿಂದಾಗದು. ಅದಕ್ಕೆ ಸಾಲಾಗಿ ಕೂತ ಹತ್ತಾರು ಕೈ ಬೇಕು. ಗ್ರಾಫಿಕ್ಸ್ ಕಾರ್ಡ್ ಆ ಸಾಲು. ನಾವು ಆರಿಸಿಕೊಂಡ ಜಿಟಿಎಕ್ಸ್ 1050 ಟಿಐ ಕಾರ್ಡಿನಲ್ಲಿ ಅಂಥ 768 ಪುಟ್ಟ ಕೈಗಳಿವೆ.

ಇದು 2016ರ ಕಾರ್ಡ್. ಹಳೆಯದನ್ನೇ ಆರಿಸಲು ಕಾರಣವಿತ್ತು. ಇದು ಬಳಸುವುದು 75 ವ್ಯಾಟ್, ಒಂದು ಸೀಲಿಂಗ್ ಫ್ಯಾನಿನಷ್ಟು. ಮದರ್‌ಬೋರ್ಡಿನ ಕಿಂಡಿ ಅಷ್ಟು ವಿದ್ಯುತ್ತನ್ನು ತಾನೇ ಕೊಡಬಲ್ಲದು. ಬೇರೆ ತಂತಿ ಬೇಡ.

ಒಂದು ಶನಿವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಚಿಕ್ಕಪೇಟೆ ಮೆಟ್ರೊದಿಂದ ನಡೆದು ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ. ಅಲ್ಲಿನ ಅಂಗಡಿಗಳಲ್ಲಿ ತಂತಿ, ಚಿಪ್ಪು, ಪೆಟ್ಟಿಗೆಗಳು ತರಕಾರಿಯ ಹಾಗೆ ಪೇರಿಸಿರುತ್ತವೆ. ಮೊದಲ ಅಂಗಡಿಯವನು ಜಿಟಿ 1030 ಎಂಬ ಅಗ್ಗದ ಕಾರ್ಡ್ ತೋರಿಸಿದ. ಮೊಮ್ಮಗ ಪೆಟ್ಟಿಗೆಯನ್ನು ತಿರುಗಿಸಿ ಓದಿ ತಲೆಯಾಡಿಸಿದ. ಒಂದೇ ಹೆಸರಿನಲ್ಲಿ ಅದು ಎರಡು ಬಗೆಯಲ್ಲಿ ಬಂದಿದೆ. ಜಿಡಿಡಿಆರ್5 ಮೆಮೊರಿಯದು ಚುರುಕು, ಡಿಡಿಆರ್4ನದು ಬಹಳ ನಿಧಾನ. ಇವನ ಕೈಯಲ್ಲಿದ್ದದ್ದು ಎರಡನೆಯದು. ಹೆಸರು ನೋಡಿ ಕೊಳ್ಳಬಾರದು, ವಿವರ ಓದಿ ಕೊಳ್ಳಬೇಕು.

ನಾಲ್ಕನೇ ಅಂಗಡಿಯಲ್ಲಿ ನಮಗೆ ಬೇಕಾದ ಕಾರ್ಡ್ 4,500ಕ್ಕೆ ಒಪ್ಪಿತವಾಯಿತು. ಸೆಕೆಂಡ್‌ಹ್ಯಾಂಡ್ ಆದ್ದರಿಂದ ಅಂಗಡಿಯಲ್ಲೇ ಹಾಕಿಸಿ, ಹದಿನೈದು ನಿಮಿಷ ಓಡಿಸಿ, ಪರದೆಯಲ್ಲಿ ಚುಕ್ಕೆ ಗೆರೆ ಬರುವುದಿಲ್ಲವೆಂದು ನೋಡಿ, ಬಿಲ್ ಬರೆಸಿಕೊಂಡೆವು. ಅಂಗಡಿಯ ಹಿರಿಯರು ಒಂದು ಮಾತು ಹೇಳಿದರು: “ಹನ್ನೊಂದು ವರ್ಷದ ಎಸ್‌ಎಂಪಿಎಸ್ ನಂಬಬೇಡಿ ಸಾರ್. ಅದು ಹೋಗುವಾಗ ಒಂದೇ ಹೋಗಲ್ಲ, ಜೊತೇಲಿರೋರನ್ನೂ ಕರ್ಕೊಂಡು ಹೋಗತ್ತೆ.” ಕಂಪ್ಯೂಟರಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ ಅದು. ಒಳ್ಳೆಯ 450 ವ್ಯಾಟಿನದಕ್ಕೆ 2,200 ಕೊಟ್ಟೆ.

ಭಾನುವಾರದ ಪರೀಕ್ಷೆ

ರಾತ್ರಿ ಮನೆಗೆ ಬಂದು ಕಾರ್ಡ್ ಕೂರಿಸಿ ನೋಡುತ್ತೇವೆ, ಮಾನಿಟರಿನ ಹಳೆಯ ನೀಲಿ ವಿಜಿಎ ಪ್ಲಗ್ ಹಾಕಲು ಕಾರ್ಡಿನಲ್ಲಿ ಜಾಗವೇ ಇಲ್ಲ! ಆ ತಲೆಮಾರಿನ ಕಾರ್ಡುಗಳಲ್ಲಿ ಹಳೆಯ ಬಗೆಯ ಸಂಪರ್ಕವನ್ನೇ ಕೈಬಿಟ್ಟಿದ್ದಾರೆ. ಎಲ್ಲ ಓದಿದ್ದ ಮೇಷ್ಟ್ರು ಇದನ್ನು ಮಾತ್ರ ನೋಡಿರಲಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು. ಮೊಮ್ಮಗ ಏನೂ ಅನ್ನಲಿಲ್ಲ. “ಮುಂದಿನ ವಾರ ಆಡಿದರಾಯ್ತು ತಾತ” ಎಂದ. ಬೈದಿದ್ದರೇ ವಾಸಿಯಿತ್ತು.

ಮರುದಿನ ಭಾನುವಾರ, ತೆರೆದಿರುವ ಅಂಗಡಿ ಹುಡುಕುತ್ತಾ ಮೈಸೂರು ಸುತ್ತಿದೆ. ಮೂರು ಗಂಟೆಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ 350 ರೂಪಾಯಿಗೆ ಸಿಕ್ಕಿತು. ಓಡಿ ಬಂದು ಹಾಕಿದರೆ ಪರದೆ ಮತ್ತೆ ಕಪ್ಪು. ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಮೊಮ್ಮಗ ನೋಟ್‌ಬುಕ್ಕಿನ ಕೆಂಪು ಸಾಲಿನ ಮೇಲೆ ಬೆರಳಿಟ್ಟ. “ತಾತ, ನಿನ್ನೆ ನಮಗೆ ಟಕ್ ಕೇಳಿಸಿತಾ?”

ಕೇಳಿಸಿರಲಿಲ್ಲ. ಪ್ಲಗ್ ಕಿತ್ತು, ಕಾರ್ಡನ್ನು ಒತ್ತಿದೆವು. ಟಕ್! ಪರದೆ ಬೆಳಗಿತು. ಡ್ರೈವರ್ ತಂತ್ರಾಂಶ ಹಾಕಿ ಮುಗಿಸುವಾಗ ಗಂಟೆ ನಾಲ್ಕೂ ಐವತ್ತು.

ಲೆಕ್ಕ 90 ದಾಟಿತ್ತು. ನಮ್ಮ ಮಾನಿಟರ್ ಸೆಕೆಂಡಿಗೆ ತೋರಿಸುವುದೇ 60 ಚಿತ್ರ. ಹಾಗಾಗಿ ದೂರದ ಆಯ್ಕೆಯನ್ನು ಮತ್ತೆ 12ಕ್ಕೆ ಏರಿಸಿದೆವು. ಆಗಲೂ 60ಕ್ಕೆ ಇಳಿಯಲಿಲ್ಲ. ಇದರಲ್ಲಿ ಹಳೆಯ ಮಾನಿಟರಿನ ಪುಣ್ಯವೂ ಇದೆ. ಅದರಲ್ಲಿರುವುದು 1366×768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. ಈಗಿನ ಫುಲ್ ಎಚ್‌ಡಿ ಪರದೆಯಾದರೆ ಇಪ್ಪತ್ತು ಲಕ್ಷ ದಾಟುತ್ತದೆ. ಕಾರ್ಡಿಗೆ ಅರ್ಧದಷ್ಟೇ ದುಡಿಮೆ. ಒಟ್ಟು ಖರ್ಚು 9,540 ರೂಪಾಯಿ.

ಐದು ಗಂಟೆಗೆ ಹೆಡ್‌ಫೋನಿನಲ್ಲಿ ಗದ್ದಲ. “ಬಂದ್ಯಾ? ಬಾ ಇಲ್ಲಿ, ಕೆರಿ ಕಡೆ!” ಮೊಮ್ಮಗನ ಗೊಂಬೆ ಈಗ ನಿಲ್ಲದೆ ಓಡಿತು. ಮಂಜು ಸರಿದ ಪರದೆಯ ತುದಿಯಲ್ಲಿ ನೀಲಿ ನೀರು, ಅದರ ದಂಡೆ ಕಂಡಿತು. ಹುಡುಗರು ಚೌಕ ಚೌಕ ಜೋಡಿಸಿ ಹುಬ್ಬಳ್ಳಿಯ ಉಣಕಲ್ ಕೆರೆ ಕಟ್ಟಿದ್ದರು. ದಂಡೆಯ ಮೇಲೆ ನಾಲ್ಕು ಮನೆ. ಪಕ್ಕದಲ್ಲಿ ಬೇಲಿ ಹಾಕಿದ ಒಂದು ಖಾಲಿ ನಿವೇಶನ, ಅದರ ಮುಂದೆ ಒಂದು ಫಲಕ. ಫಲಕದ ಮೇಲೆ ನನ್ನ ಮೊಮ್ಮಗನ ಹೆಸರು.

“ಇದನ್ನ ಯಾವಾಗ ಹಾಕಿದ್ರಿ?” ಇವನ ದನಿ ಸ್ವಲ್ಪ ನಡುಗಿತು.

“ತಿಂಗಳಾತಲೇ! ಮುಂದ ಬಾ, ಮುಂದ ಬಾ ಅಂತ ಎಷ್ಟು ಒದರಿವಿ. ನಿನಗ ಕಾಣಲೇ ಇಲ್ಲ!”

ನಾನು ಎದ್ದು ಅಡುಗೆಮನೆಗೆ ಹೋದೆ. ಕನ್ನಡಕ ಒರೆಸಿಕೊಳ್ಳಬೇಕಿತ್ತು. ಆರೂವರೆಗೆ ಯಾರೂ ಹೇಳದೆ ಅವನೇ ಕಂಪ್ಯೂಟರ್ ಆರಿಸಿದ. ಅದು ನಮ್ಮ ಕರಾರಿನ ಕೊನೆಯ ಸಾಲು. ಆ ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡ.

ಈಗ ಭಾನುವಾರ ಸಂಜೆ ಫ್ಯಾನಿನ ಸದ್ದು ಕೇಳುವುದಿಲ್ಲ. ಕೆರೆ ದಂಡೆಯ ಮನೆಗೆ ಛಾವಣಿ ಹಾಕಿಯಾಗಿದೆ. ಮನೆಯ ಮುಂದೆ ಒಂದು ಕಲ್ಲುಬೆಂಚು ಕಟ್ಟಿದ್ದಾನೆ. ಯಾರಿಗೆ ಅಂತ ಕೇಳಿದೆ. “ನಿಮಗೇ ತಾತ” ಎಂದ.

ನೀವೂ ಮಾಡುವಿರಾದರೆ

ಫೋಟೋ, ಕಾಗದಪತ್ರಗಳನ್ನು ಬೇರೆಡೆ ನಕಲು ಮಾಡಿಕೊಳ್ಳದೆ ಕೈ ಹಾಕಬೇಡಿ.

ಗೋಡೆಯ ಪ್ಲಗ್ ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಿರಿ. ಮಕ್ಕಳೇ, ಜೊತೆಗೆ ದೊಡ್ಡವರಿರಲಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ.

ಮೊದಲು ಆಟದ ಆಯ್ಕೆಗಳು, ಆಮೇಲೆ ಧೂಳು, ಆಮೇಲೆ ರ‍್ಯಾಮ್, ಎಸ್‌ಎಸ್‌ಡಿ. ಇಷ್ಟಕ್ಕೇ ಸಾಕೆನಿಸಿದರೆ ಅಲ್ಲಿಗೇ ನಿಲ್ಲಿಸಿ. ಕಾರ್ಡ್ ಕೊನೆಯಲ್ಲಿ.

ಕಾರ್ಡ್ ಕೊಳ್ಳುವ ಮೊದಲು ಮೂರು ನೋಡಿಕೊಳ್ಳಿ: ಪೆಟ್ಟಿಗೆಯಲ್ಲಿ ಅದರ ಉದ್ದಕ್ಕೆ ಜಾಗವಿದೆಯೇ, ಎಸ್‌ಎಂಪಿಎಸ್ ತಾಳುತ್ತದೆಯೇ, ಮಾನಿಟರಿನ ಪ್ಲಗ್ ಹೊಂದುತ್ತದೆಯೇ.

ಲ್ಯಾಪ್‌ಟಾಪ್ ಆದರೆ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದು. ಅದೂ ಎಲ್ಲದರಲ್ಲಿ ಆಗುವುದಿಲ್ಲ. ಒಳಗೆ ಇಂಥ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗವಿರುವುದಿಲ್ಲ.

ಟಕ್ ಎಂಬ ಸದ್ದು ಕೇಳುವವರೆಗೆ ತಗಡು ಮುಚ್ಚಬೇಡಿ!